ಟ್ಯಾಂಕಿನ ತಿರುವಿನಲ್ಲಿ ನಿಲ್ಲುವ ಕಾರು

ಗ್ಯಾರೇಜಿನ ಮೇಲಿನ ಮನೆ,
ಭಾನುವಾರ, ಊಟವಾದ ಮೇಲೆ

ಪ್ರೀತಿಯ ಮಗಳೇ,

ನಿನ್ನ ಅತ್ತೆಯ ತುಂಬುಮನಸ್ಸಿನ ಹಾರೈಕೆಗಳು. ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಇಲ್ಲ ಇಲ್ಲಿದ್ದ ಹಾಗೆ ತಟ್ಟೆ ಮುಂದೆ ಇಟ್ಟುಕೊಂಡು ಗೋಡೆ ನೋಡುತ್ತೀಯಾ? ನಿನ್ನ ಅಕ್ಕ ಫೋನಿನಲ್ಲಿ "ಚೆನ್ನಾಗಿದ್ದಾಳೆ ಬಿಡಿ" ಅಂದಳು. ಆ "ಬಿಡಿ" ಕೇಳಿದ ಮೇಲೆ ನನಗೆ ನಂಬಿಕೆ ಬರಲಿಲ್ಲ. ನಿನ್ನ ಭುಜದ ನೋವು ಹೇಗಿದೆ? ದಿನವಿಡೀ ಬಟ್ಟೆ ಕತ್ತರಿಸುವ ಕೈ ಒಮ್ಮೆಲೇ ಸುಮ್ಮನಾದರೆ ನೋವು ಹೆಚ್ಚಾಗುತ್ತದೆ, ಬಿಸಿನೀರಿನ ಶಾಖ ಕೊಟ್ಟುಕೋ. ನನ್ನ ಮಂಡಿ ಎಂದಿನಂತೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಕನ್ನಡಕದ ಒಂದು ಕಡ್ಡಿಗೆ ನಿನ್ನ ಮೈದುನ ತಂತಿ ಸುತ್ತಿಕೊಟ್ಟಿದ್ದಾನೆ, ಅದು ಬಿಟ್ಟರೆ ಗಟ್ಟಿಯಾಗಿದ್ದೇನೆ. ಫೋನ್ ಮಾಡುವುದು ಬಿಟ್ಟು ಈ ಮುದುಕಿ ಯಾಕೆ ಕಾಗದ ಬರೆಯಲು ಕೂತಳು ಅಂತ ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಕಾರು ಅಂದ ಕೂಡಲೇ ನೀನು "ಆಮೇಲೆ ಮಾತಾಡ್ತೀನಿ ಅತ್ತೆ" ಅಂತ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲು ಆಗುವುದಿಲ್ಲ. ಮಡಚಿಟ್ಟರೂ ಅದು ಅಲ್ಲೇ ಇರುತ್ತದೆ, ಒಂದಲ್ಲ ಒಂದು ಹೊತ್ತಿಗೆ ನೀನು ತೆಗೆದು ಓದುತ್ತೀಯ. ನನಗೆ ನಿನ್ನ ಸ್ವಭಾವ ಗೊತ್ತಿಲ್ಲವೇ.

ಹೋದ ವಾರ ನೀನು ಹೇಳಿದ್ದು ನನ್ನ ತಲೆಯಲ್ಲಿ ಹಾಗೇ ಕೂತಿದೆ. ಕಾರ್ಖಾನೆಯ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ, ಕಾರನ್ನು ಯಾರಿಗಾದರೂ ಕೊಟ್ಟುಬಿಡಿ, ನಾನು ಇಲ್ಲೇ ಅಕ್ಕನ ಮನೆಯಲ್ಲಿ ಇದ್ದುಬಿಡುತ್ತೇನೆ ಅಂದೆ. ಯಾಕೆ ಅಂತ ಕೇಳಿದ್ದಕ್ಕೆ, "ಆ ತಿರುವು ದಾಟೋಕೆ ಅವರು ಬಿಡಲ್ಲ ಅತ್ತೆ" ಅಂದೆ. ಮೂಢನಂಬಿಕೆ ಅಂತ ಬೈಯುತ್ತಾಳೆ ಅಂತ ನೀನು ಕಾದಿರಬೇಕು. ಬೈಯಲು ನನಗೆ ಬಾಯಿ ಬರಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ ಆಸ್ಪತ್ರೆಗೆ ತಿರುಗುವ ಜಾಗದಲ್ಲಿ ನನ್ನ ದೊಡ್ಡ ಮಗ ನಿನ್ನ ಮಡಿಲಲ್ಲಿ ಕಣ್ಣು ಮುಚ್ಚಿದ. ಅವನು ಅರ್ಧ ಮಾಡಿ ಬಿಟ್ಟುಹೋದ ನಿನ್ನ ಕಾರಿನ ಎಂಜಿನ್ನನ್ನು ಅವನ ತಮ್ಮ ಪೂರ್ತಿ ಮಾಡಿ ನಿನ್ನ ಕೈಗೆ ಕೀಲಿ ಕೊಟ್ಟ. ಮೊದಲ ದಿನವೇ ಕಾರ್ಖಾನೆಗೆ ಹೋಗುವಾಗ ಅದೇ ತಿರುವಿನಲ್ಲಿ ಕೆಂಪು ದೀಪ ಹತ್ತಿತು, ಬಾನೆಟ್ಟಿನೊಳಗೆ ಯಾರೋ ಚಮಚಗಳನ್ನು ಕುಟ್ಟಿದ ಹಾಗೆ ಸದ್ದು ಬಂತು, ನೀನು ಎಂಜಿನ್ ಆರಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಓಡಿತು. ಮಾರನೆಯ ದಿನ ಮತ್ತೆ ಅಲ್ಲೇ. ಅದರ ಮಾರನೆಯ ದಿನ ನೀನು ಬಾಗಿಲು ಕೂಡ ಹಾಕದೆ ಕಾರನ್ನು ರಸ್ತೆಯಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಬಂದೆ, ಸಂಜೆಗೆ ಬ್ಯಾಗು ತುಂಬಿದೆ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಆದರೆ ಈಗ ವಿಷಯ ಬೇರೆಯಾಗಿದೆ. ರಾಜೀನಾಮೆ ಕೊಡುವ ಮೊದಲು ಇದನ್ನು ಪೂರ್ತಿ ಓದು, ಅಷ್ಟೇ ನಾನು ಕೇಳುವುದು.

ಮೊದಲು ನನ್ನ ಮಕ್ಕಳ ಹುಚ್ಚುತನದ ಒಂದು ಕಥೆ ಹೇಳಬೇಕು. ನಿನಗೆ ಅದು ಅರ್ಧ ಗೊತ್ತು. ದೊಡ್ಡವನು ಎಂಜಿನ್ನಿನ ಕೆಳಗಿನ ಭಾಗ ನೋಡಿಕೊಳ್ಳುತ್ತಾನೆ, ಚಿಕ್ಕವನು ಮೇಲಿನ ಭಾಗ ನೋಡಿಕೊಳ್ಳುತ್ತಾನೆ ಅಂತ ನೋಡಿದ್ದೀಯ. ಅದು ಹೇಗೆ ಶುರುವಾಯಿತು ಅಂತ ಯಾರೂ ನಿನಗೆ ಹೇಳಿರಲಾರರು. ಇಬ್ಬರಿಗೂ ಮೀಸೆ ಚಿಗುರುವ ವಯಸ್ಸಿನಲ್ಲಿ ಒಂದೇ ಎಂಜಿನ್ನಿಗೆ ಇಬ್ಬರೂ ಕೈ ಹಾಕಿ, ನೀನು ತಪ್ಪು ಬಿಗಿದೆ ನಾನು ಸರಿ ಬಿಗಿದೆ ಅಂತ ಹೊಡೆದಾಡಿಕೊಂಡು, ಒಬ್ಬನ ತುಟಿ ಒಡೆದು, ಇನ್ನೊಬ್ಬನ ಅಂಗಿ ಹರಿದು ಮೇಲೆ ಬಂದರು. ನಿನ್ನ ಮಾವ ಸೀಮೆಸುಣ್ಣ ತೆಗೆದುಕೊಂಡು ಕೆಳಗೆ ಹೋಗಿ ಎಂಜಿನ್ನಿನ ಮೇಲೆ ಅಡ್ಡ ಗೆರೆ ಎಳೆದರು. ಕ್ರ್ಯಾಂಕು, ಬೇರಿಂಗು, ಪಿಸ್ಟನ್, ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್, ಇವೆಲ್ಲ ದೊಡ್ಡವನ ಪಾಲು. ಹೆಡ್ಡು, ವಾಲ್ವು, ಟ್ಯಾಪೆಟ್ಟು ಚಿಕ್ಕವನ ಪಾಲು. ಗೆರೆ ದಾಟಿ ಸ್ಪ್ಯಾನರ್ ಹಾಕಿದವನಿಗೆ ಊಟ ಇಲ್ಲ ಅಂದರು. ಅವರು ಹೋದ ಮೇಲೂ ಇವರು ಆ ಗೆರೆ ದಾಟಲಿಲ್ಲ. ದೊಡ್ಡವನು ಚೇಂಬರ್ ಮುಚ್ಚಿದನೆಂದರೆ ಮುಗಿಯಿತು, ಅದನ್ನು ಮತ್ತೆ ಬಿಚ್ಚುವ ಹಕ್ಕು ಅವನಿಗೆ ಮಾತ್ರ. ಗಿರಾಕಿಗಳು ದೂರು ತಂದರೆ, ಮೇಲಿನದ್ದಾ ಕೆಳಗಿನದ್ದಾ ಅಂತ ಕೇಳಿ ಅವರವರ ಹತ್ತಿರ ಕಳಿಸುತ್ತಿದ್ದರು. ನನ್ನ ಮಕ್ಕಳು ಮನೆಯನ್ನು ಪಾಲು ಮಾಡಿಕೊಳ್ಳಲಿಲ್ಲ, ಎಂಜಿನ್ನನ್ನು ಮಾಡಿಕೊಂಡರು ಅಂತ ನಾನು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದೆ. ನಗುವ ಹೊತ್ತಿಗೆ ನಗಬೇಕು, ಅದರಲ್ಲಿ ತಪ್ಪಿಲ್ಲ.

ನಿನ್ನ ಕಾರಿನ ಎಂಜಿನ್ ಇಳಿಸಿದ್ದು ನಿನಗೆ ನೆನಪಿದೆ. ಹೊಗೆ ಉಗುಳುತ್ತಿತ್ತು, ಆಯಿಲ್ ಕುಡಿಯುತ್ತಿತ್ತು, ಏರು ಹತ್ತಲು ಹಟ ಮಾಡುತ್ತಿತ್ತು. ಬೋರ್ ಮಾಡಿಸಿ, ಹೊಸ ಪಿಸ್ಟನ್ನು ರಿಂಗು ಹಾಕಿ, ಕ್ರ್ಯಾಂಕ್ ಸಾಣೆ ಹಿಡಿಸಿ ದೊಡ್ಡವನು ತನ್ನ ಕೆಳಗಿನ ಅರ್ಧವನ್ನು ಕೂರಿಸಿದ. ಆ ದಿನ ಸಂಜೆ ಚೇಂಬರ್ ಮುಚ್ಚಿ ಮೇಲೆ ಬಂದು, "ಇನ್ನು ನಿಂದು ಕಣೋ" ಅಂತ ತಮ್ಮನಿಗೆ ಹೇಳಿ, ಅರ್ಧ ಊಟಕ್ಕೇ ಕೈ ತೊಳೆದ. ಆಮೇಲಿನದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಅದನ್ನು ಬರೆಯುವುದಿಲ್ಲ. ಅದಾದ ಮೇಲೆ ಎಷ್ಟೋ ದಿನ ಆ ಎಂಜಿನ್ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿತ್ತು. ಚಿಕ್ಕವನು ಅದರ ಪಕ್ಕದಲ್ಲಿ ಹಾದುಹೋಗುವಾಗ ತಲೆ ಬೇರೆ ಕಡೆ ತಿರುಗಿಸುತ್ತಿದ್ದ. ನೀನು ಎರಡು ಬಸ್ಸು ಬದಲಾಯಿಸಿ ಕಾರ್ಖಾನೆಗೆ ಹೋಗುವುದನ್ನು ನೋಡಲಾರದೆ ಒಂದು ಬೆಳಗ್ಗೆ ಟಾರ್ಪಾಲು ತೆಗೆದ. ಹೆಡ್ಡು ಕೂರಿಸಿದ, ಎಂಜಿನ್ ಏರಿಸಿದ, ಸ್ಟಾರ್ಟ್ ಆದಾಗ ಗ್ಯಾರೇಜಿನಲ್ಲೇ ಕೂತು ಅತ್ತ. ಅಣ್ಣ ಕೆಳಗೆ, ತಾನು ಮೇಲೆ, ಇಬ್ಬರೂ ಸೇರಿ ಮಾಡಿದ ಕೊನೆಯ ಎಂಜಿನ್ ಅದು. ಅದು ನಿನ್ನನ್ನು ಮೂರು ದಿನ ಅದೇ ತಿರುವಿನಲ್ಲಿ ಇಳಿಸಿತು ಅಂದಾಗ ಅವನ ಮುಖ ಹೇಗಾಗಿರಬೇಕು ನೀನೇ ಊಹಿಸು.

ನೀನು ಹೋದ ಮೇಲೆ ಈ ಮನೆ ಹೇಗಿತ್ತು ಅಂತ ಹೇಳುತ್ತೇನೆ, ಹೆದರಬೇಡ. ಕೆಳಗಿನಿಂದ ಅಡುಗೆಮನೆಗೆ ಬರುವ ನೀರಿನ ಪೈಪಿಗೆ ದೊಡ್ಡವನು ಸ್ಪ್ಯಾನರಿನಿಂದ ಎರಡು ಸಲ ಬಡಿದರೆ ಚಹಾ ಬೇಕು ಅಂತ ಅರ್ಥವಿತ್ತು. ಈಗಲೂ ಮಧ್ಯಾಹ್ನ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಪೈಪು ತಾನಾಗಿ ಟಕ್ ಟಕ್ ಅನ್ನುತ್ತದೆ. ನೀರಿನ ರಭಸಕ್ಕೆ ಅಂತ ನನಗೆ ಗೊತ್ತು. ಗೊತ್ತಿದ್ದೂ ಎಷ್ಟೋ ಸಲ ಪಾತ್ರೆ ಒಲೆಯ ಮೇಲೆ ಇಟ್ಟ ಮೇಲೇ ನನಗೆ ಎಚ್ಚರವಾಗುತ್ತದೆ. ಚಿಕ್ಕವನು ಬೇರೆ ಯಾವ ಎಂಜಿನ್ ಕೆಲಸಕ್ಕೂ ಕೈ ಹಾಕುವುದನ್ನು ಬಿಟ್ಟ. ಬಂದವರಿಗೆ ಪಕ್ಕದ ಬೀದಿ ತೋರಿಸಿ, ಪಂಕ್ಚರು, ಬ್ರೇಕು ಅಂತ ಸಣ್ಣಪುಟ್ಟದ್ದು ಮಾಡುತ್ತಾ ಕೂತ. ಉಳಿದ ಹೊತ್ತೆಲ್ಲ ನಿನ್ನ ಕಾರಿನ ಮುಂದೆ. ದೊಡ್ಡವನ ಮೂರುಕಾಲಿನ ಸ್ಟೂಲು ಎಲ್ಲಿತ್ತೋ ಅಲ್ಲೇ ಇದೆ, ಅದನ್ನು ಎಡವಿದರೂ ಸರಿಸುವುದಿಲ್ಲ. ಒಂದು ದಿನ ಮೆಟ್ಟಿಲಿನ ಮೇಲೆ ನಿಂತು ಕೇಳಿಸಿಕೊಂಡೆ, ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು "ಎಲ್ಲಿ ತಪ್ಪಿದೆ ಹೇಳೋ ಅಣ್ಣ, ಬೈಯೋದಾದ್ರೆ ಬೈದುಬಿಡು" ಅನ್ನುತ್ತಿದ್ದ. ಉತ್ತರ ಬರುತ್ತದೇನೋ ಅಂತ ಕಿವಿ ಕೊಟ್ಟಿದ್ದ. ನಾನು ಸದ್ದು ಮಾಡದೆ ಮೇಲೆ ಬಂದೆ. ಅವನಿಗೂ ನಿನ್ನ ಹಾಗೇ ಅನ್ನಿಸಿತ್ತು ಮಗಳೇ, ಅಣ್ಣನೇ ನಿಲ್ಲಿಸುತ್ತಿದ್ದಾನೆ ಅಂತ. ಗಂಡ ದಾರಿ ಬಿಡುತ್ತಿಲ್ಲ ಅಂತ ನೀನು ಅಂದುಕೊಂಡೆ, ಇವನು ತನ್ನ ಕೆಲಸವನ್ನು ಅಣ್ಣ ಒಪ್ಪಲಿಲ್ಲ ಅಂದುಕೊಂಡ. ಹೋದವನಿಗೆ ಇಬ್ಬರೂ ಸೇರಿ ಎಷ್ಟು ಕೆಲಸ ಹಚ್ಚಿದಿರಿ ನೋಡು.

ಆದರೂ ಅವನು ಮೆಕ್ಯಾನಿಕ್ಕಿನ ಮಗ, ಕೈಕಟ್ಟಿ ಕೂರಲಿಲ್ಲ. ಕೆಂಪು ದೀಪ ಎಂದರೆ ಎಂಜಿನ್ನಿನಲ್ಲಿ ಆಯಿಲ್ ಒತ್ತಡ ಬಿದ್ದಿದೆ ಅಂತ. ದೀಪವೇ ಸುಳ್ಳು ಹೇಳುತ್ತಿರಬಹುದು ಅಂತ ಮೊದಲು ಅದರ ಸ್ವಿಚ್ಚು ಬದಲಾಯಿಸಿದ. ತಿರುವಿನಲ್ಲಿ ಮತ್ತೆ ಹತ್ತಿತು. ಆಮೇಲೆ ಒಂದು ಮುಳ್ಳಿನ ಮೀಟರ್ ತಂದು, ಅದರ ಸಣ್ಣ ಕೊಳವೆಯನ್ನು ಎಂಜಿನ್ನಿಗೆ ಸಿಕ್ಕಿಸಿ, ಕಿಟಕಿಯಿಂದ ಒಳಗೆ ತಂದು, ಮೀಟರನ್ನು ನನ್ನ ಮಡಿಲಲ್ಲಿ ಇಟ್ಟ. ಹೌದು, ನಾನೂ ಹೋಗುತ್ತಿದ್ದೆ. ಅವನನ್ನು ಒಬ್ಬನೇ ಆ ರಸ್ತೆಗೆ ಕಳಿಸಲು ನನಗೆ ಮನಸ್ಸಿರಲಿಲ್ಲ ಅಂತ ಇಟ್ಟುಕೋ. ಮುಳ್ಳು ಮನೆಯಿಂದ ನೆಟ್ಟಗೆ ನಿಂತು ಬರುತ್ತಿತ್ತು. ಮಾರುಕಟ್ಟೆ ದಾಟಿ, ಸೇತುವೆ ದಾಟಿ, ಟ್ಯಾಂಕು ಕಣ್ಣಿಗೆ ಬೀಳುವ ಹೊತ್ತಿಗೆ ನಡುಗಲು ಶುರುವಾಗಿ, ತಿರುವಿಗೆ ಬಂದಾಗ ಮಲಗಿಬಿಡುತ್ತಿತ್ತು. ಕೂಡಲೇ ಎಂಜಿನ್ ಆರಿಸುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಕೀಲಿ ತಿರುಗಿಸಿದರೆ ಮುಳ್ಳು ಎದ್ದು ನಿಲ್ಲುತ್ತಿತ್ತು. ಫಿಲ್ಟರ್ ಬದಲಾಯಿಸಿದ. ದಪ್ಪ ಆಯಿಲ್ ಹಾಕಿದ. ಹೆಡ್ಡನ್ನು ಇಳಿಸಿ, ಆಯಿಲ್ ಹೋಗುವ ತೂತುಗಳಿಗೆಲ್ಲ ತಂತಿ ಹಾಕಿ, ಗಾಳಿ ಊದಿ, ಟ್ಯಾಪೆಟ್ಟು ಒಂದೊಂದನ್ನೂ ಮತ್ತೆ ಹೊಂದಿಸಿ ಮುಚ್ಚಿದ. ಮತ್ತೆ ತಿರುವಿನಲ್ಲಿ ಅದೇ. ಇನ್ನೊಮ್ಮೆ ಹೆಡ್ಡು ಬಿಚ್ಚಿದ. ಹುಡುಕಿದ್ದೆಲ್ಲ ತನ್ನ ಪಾಲಿನಲ್ಲೇ. ತಪ್ಪು ತನ್ನದೇ ಇರಬೇಕು ಅಂತ ಹಟ ಹಿಡಿದು ಮೇಲಿನ ಅರ್ಧವನ್ನು ಅರೆದುಬಿಟ್ಟ, ಕೆಳಗೆ ಮಾತ್ರ ಬಗ್ಗಿ ನೋಡಲಿಲ್ಲ.

ಹಾಗೇ ನಡೆಯುತ್ತಿತ್ತೇನೋ, ಪೈಪು ಹಾಕಲು ಮಾರುಕಟ್ಟೆಯ ರಸ್ತೆ ಅಗೆಯದೇ ಇದ್ದಿದ್ದರೆ. ಮೊನ್ನೆ ಬುಧವಾರ ಆ ಕಡೆ ದಾರಿಯೇ ಇರಲಿಲ್ಲ. ವಾಪಸ್ಸು ತಿರುಗಿಸೋಣ ಅಂದ, ಹೊರಟಿದ್ದೇವೆ ಈ ಕಡೆಯಾದರೂ ಒಂದು ಸುತ್ತು ಹಾಕು ಅಂದೆ. ಊರಿನ ಆಚೆ ಬದಿಗೆ, ನಮ್ಮ ಮನೆಯವರು ಯಾರೂ ಕೆಲಸವಿಲ್ಲದೆ ಹೋಗದ ಕಡೆಗೆ ಹೊರಟೆವು. ಮುಳ್ಳು ನೆಟ್ಟಗಿತ್ತು. ನೋಡಿದೆಯಾ ಆ ತಿರುವಿಲ್ಲದಿದ್ದರೆ ಚೆನ್ನಾಗಿ ಓಡುತ್ತದೆ ಅಂತ ಅವನ ಮುಖ ಇನ್ನೂ ಸಣ್ಣದಾಯಿತು. ಅಷ್ಟರಲ್ಲಿ ನನ್ನ ಮಡಿಲಲ್ಲಿ ಮುಳ್ಳು ನಡುಗಿತು. ದೀಪ ಹತ್ತಿತು, ಚಮಚಗಳ ಸದ್ದು ಬಂತು, ಕಾರು ನಿಂತಿತು. ತಲೆ ಎತ್ತಿ ನೋಡಿದರೆ ಒಂದು ಹಾಸಿಗೆ ಅಂಗಡಿ. ದಿಂಬುಗಳನ್ನು ಬಾಗಿಲವರೆಗೆ ಪೇರಿಸಿ, ಅಂಗಡಿಯವನು ಒಂದರ ಮೇಲೆ ಕೂತು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ನಮ್ಮನ್ನೇ ನೋಡುತ್ತಿದ್ದ. ಹಾಸಿಗೆ ಅಂಗಡಿಯ ಎದುರು ನಿನ್ನ ಗಂಡನಿಗೆ ಏನು ಕೆಲಸ ಹೇಳು? ಚಿಕ್ಕವನು ಸ್ಟೀರಿಂಗ್ ಹಿಡಿದುಕೊಂಡೇ ನಗಲು ಶುರು ಮಾಡಿದ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಅಮ್ಮ, ಜಾಗ ಅಲ್ಲ, ದೂರ. ಮನೆಯಿಂದ ಇಷ್ಟು ದೂರ ಬಂದ್ರೆ ನಿಲ್ಲುತ್ತೆ, ಯಾವ ಕಡೆ ಹೋದರೂ" ಅಂದ. ಆಯಿಲನ್ನು ಏನೋ ಅಡ್ಡ ಬಂದು ಕಟ್ಟುತ್ತಿದೆ, ಎಂಜಿನ್ ಆರಿಸಿದರೆ ಅದು ಬಿಟ್ಟುಕೊಳ್ಳುತ್ತದೆ ಅಂದ. ಅವನು ಅಷ್ಟು ಹಗುರಾಗಿದ್ದನ್ನು ನೋಡಿ ನನಗೆ ಖುಷಿಯಾಗಬೇಕಿತ್ತು. ಯಾಕೋ ಸಿಟ್ಟು ಬಂತು. ಆ ಅಂಗಡಿಯವನ ಮೇಲೆ ಬಂತೋ, ದಿಂಬುಗಳ ಮೇಲೆ ಬಂತೋ, ಮನೆ ಬರುವ ತನಕ ಮುಖ ಊದಿಸಿಕೊಂಡೇ ಕೂತಿದ್ದೆ.

ಕಟ್ಟುವ ಜಾಗ ಒಂದೇ, ಚೇಂಬರಿನೊಳಗೆ ಆಯಿಲ್ ಹೀರುವ ಕೊಳವೆಯ ಬಾಯಿ. ಅದಕ್ಕೊಂದು ಜಾಲರಿ ಇರುತ್ತದಂತೆ. ಅದನ್ನು ನೋಡಬೇಕಾದರೆ ಚೇಂಬರ್ ಬಿಚ್ಚಬೇಕು. ಅಲ್ಲಿಗೆ ಬಂದು ನಿನ್ನ ಮೈದುನ ಮತ್ತೆ ಕಲ್ಲಾದ. "ಅದು ಅಣ್ಣ ಮುಚ್ಚಿದ್ದು, ನಾನು ಬಿಚ್ಚಲ್ಲ" ಅಂದ. ಬಿಚ್ಚಿದರೆ ಅಣ್ಣ ತಪ್ಪು ಮಾಡಿದ್ದಾನೆ ಅಂತ ಹೇಳಿದ ಹಾಗೆ ಆಗುತ್ತದೆ, ಅವನಿಲ್ಲದಾಗ ಅವನ ಕೆಲಸದ ಮೇಲೆ ಬೆರಳು ತೋರಿಸಿದ ಹಾಗೆ ಆಗುತ್ತದೆ ಅಂದ. ಇದಕ್ಕಿಂತ ನನ್ನ ಮೇಲಿನ ಅರ್ಧವೇ ಕೆಟ್ಟಿದೆ ಅಂತ ಇರಲಿ ಬಿಡು ಅಂದ. ಎರಡು ದಿನ ಹಾಗೇ ಕೂತ. ಕೊನೆಗೆ ನಾನೇ ಪಕ್ಕದ ಬೀದಿಯ ಹೊಗೆಯಣ್ಣನಿಗೆ ಹೇಳಿಕಳಿಸಿದೆ. ಸೈಲೆನ್ಸರಿನ ಹೊಗೆ ಮೂಸಿ ಕಾಯಿಲೆ ಹೇಳುತ್ತೇನೆ ಅಂತ ಜಂಬ ಕೊಚ್ಚುವ ಮುದುಕ, ನಿನ್ನ ಮಾವನ ಕಾಲದವರು, ನಿನಗೆ ಗೊತ್ತಲ್ಲ. ಬಂದರು, ಕೆಮ್ಮಿದರು, ಕೋಟು ಬಿಚ್ಚಿ ದೊಡ್ಡವನ ಸ್ಟೂಲಿನ ಮೇಲೆ ಇಟ್ಟರು, ಕಾರಿನ ಕೆಳಗೆ ನಿಂತು ಕೆಲಸ ಮಾಡುವ ಗುಂಡಿಗೆ ಇಳಿದು ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದರು. ಅದು ಕಿರ್ ಅನ್ನುವಷ್ಟರಲ್ಲಿ ಚಿಕ್ಕವನು ಮೂಲೆಯಿಂದ ಓಡಿಬಂದು ಅವರ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡ. ಬಿಚ್ಚುವುದಾದರೆ ನಾನೇ ಬಿಚ್ಚುತ್ತೇನೆ, ಹೊರಗಿನವರು ಬೇಡ ಅಂದ. ಹೊಗೆಯಣ್ಣ ಬೇಜಾರು ಮಾಡಿಕೊಳ್ಳಲಿಲ್ಲ. ಮೇಲೆ ಬಂದು ನನ್ನ ಪಕ್ಕ ನಿಂತು, "ಇಷ್ಟಕ್ಕೇ ನನ್ನನ್ನ ಕರೆಸಿದ್ದು ಅಂತ ಗೊತ್ತಿತ್ತು ಕಣಮ್ಮ" ಅಂದರು. ಆ ಮುದುಕ ಹೊಗೆ ಒಂದನ್ನೇ ಮೂಸುವವರಲ್ಲ.

ಈಗ ಬರೆಯುವುದನ್ನು ನಿಧಾನವಾಗಿ ಓದು. ದೊಡ್ಡವನು ಪ್ರತಿ ಬೋಲ್ಟು ಬಿಗಿದ ಮೇಲೂ ಅದರ ತಲೆಗೆ ಹಳದಿ ಬಣ್ಣದ ಚುಕ್ಕೆ ಇಡುತ್ತಿದ್ದ. ಇಟ್ಟ ಮೇಲೆ ಅದನ್ನು ಮತ್ತೆ ಮುಟ್ಟುವುದಿಲ್ಲ. ಚಿಕ್ಕವನು ಗುಂಡಿಯಲ್ಲಿ ನಿಂತು ದೀಪ ಹಿಡಿದು ಆ ಚೇಂಬರನ್ನು ನೋಡಿದ್ದು ಅದೇ ಮೊದಲು, ಅವನ ಪಾಲಲ್ಲವಲ್ಲ. ಮುಂದಿನ ಕಡೆ ಎಲ್ಲ ಬೋಲ್ಟಿಗೂ ಚುಕ್ಕೆ ಇತ್ತು, ಅಂದವಾಗಿ, ನಡುಮಧ್ಯೆ. ಹಿಂದಕ್ಕೆ ಹೋದ ಹಾಗೆ ಚುಕ್ಕೆ ಅಂಚಿಗೆ ಸರಿದಿತ್ತು, ಒಂದು ಕಡೆ ಬಣ್ಣ ಪಕ್ಕಕ್ಕೆ ಬಳಿದುಹೋಗಿತ್ತು. ಕೊನೆಯ ಮೂಲೆಯ ಮೂರು ಬೋಲ್ಟಿಗೆ ಚುಕ್ಕೆಯೇ ಇರಲಿಲ್ಲ. ಚಿಕ್ಕವನು ಆ ಮೂರನ್ನೂ ಬೆರಳಿನಿಂದ ಸವರಿದ. ಆಮೇಲೆ ಚೇಂಬರ್ ಇಳಿಸಿದ. ಆಯಿಲಿನೊಳಗೆ ಒಂದು ಬಟ್ಟೆಯ ತುಂಡು, ಅಂಗೈಯಷ್ಟು. ನೀನು ಕಾರ್ಖಾನೆಯಿಂದ ತಂದುಕೊಡುತ್ತಿದ್ದ ಕತ್ತರಿಕೆ ಚೂರುಗಳ ಮೂಟೆಯದು, ನೀಲಿ ಸಮವಸ್ತ್ರದ್ದು. ಕೆಲಸ ಮಾಡುವಾಗ ನಟ್ಟು ವಾಷರ್ ಒಳಗೆ ಬೀಳದ ಹಾಗೆ ದೊಡ್ಡವನು ಅಲ್ಲಲ್ಲಿ ಬಟ್ಟೆ ತುರುಕುತ್ತಿದ್ದ, ಮುಚ್ಚುವ ಮೊದಲು ಒಂದೊಂದನ್ನೇ ಎಳೆದು ಬೆಂಚಿನ ಮೇಲೆ ಸಾಲಾಗಿ ಇಡುತ್ತಿದ್ದ. ಒಂದನ್ನು ಬಿಟ್ಟುಬಿಟ್ಟಿದ್ದ. ಕಾರು ಓಡಿದಾಗ ಅದು ತೇಲುತ್ತಾ ಹೋಗಿ ಜಾಲರಿಗೆ ಅಂಟಿಕೊಂಡು ಆಯಿಲ್ ಕಟ್ಟುತ್ತಿತ್ತು. ಎಂಜಿನ್ ಆರಿಸಿದರೆ ಎಳೆತ ನಿಂತು ಕಳಚಿ ಕೆಳಗೆ ಬೀಳುತ್ತಿತ್ತು. ಮನೆಯಿಂದ ಹೊರಟು ಅದು ಹೋಗಿ ಅಂಟಿಕೊಳ್ಳಲು ಟ್ಯಾಂಕಿನ ತಿರುವಿನವರೆಗೆ ಹಿಡಿಯುತ್ತಿತ್ತು, ಅಷ್ಟೇ ವಿಷಯ.

ಅಷ್ಟೇ ಅಂದುಕೊಂಡು ನಾನು ಮೆಟ್ಟಿಲ ಕಡೆ ತಿರುಗಿದ್ದೆ. ಚಿಕ್ಕವನು ಗುಂಡಿಯಿಂದ ಮೇಲೆ ಬಂದು, ಕೈಯಲ್ಲಿ ಆ ಬಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತ. "ಅಣ್ಣ ಒಂದು ಸಲನೂ ಬಟ್ಟೆ ಮರೆತಿದ್ದಿಲ್ಲಮ್ಮ. ಅವನಿಗೆ ಆಗಲೇ ಎದೆ ನೋಯ್ತಿತ್ತು" ಅಂದ. ನಾವು ಅಂದುಕೊಂಡಿದ್ದೇನು? ಊಟಕ್ಕೆ ಕೂತಾಗ ಎದೆನೋವು ಬಂತು, ಒಂದು ಗಂಟೆಯೊಳಗೆ ಮುಗಿಯಿತು ಅಂತ. ಡಾಕ್ಟರು ಕೇಳಿದಾಗಲೂ ಅದನ್ನೇ ಹೇಳಿದೆವು. ಅವನು ಆ ಗುಂಡಿಯ ಪಕ್ಕ ನೋವು ಹಿಡಿದುಕೊಂಡೇ ಕೆಲಸ ಮಾಡಿದ್ದಾನೆ. ಕೈ ನಡುಗಿ ಚುಕ್ಕೆ ಅಂಚಿಗೆ ಹೋಗಿದೆ, ಕೊನೆಗೆ ಬ್ರಷ್ ಹಿಡಿಯಲೂ ಆಗದೆ ಕೆಳಗಿಟ್ಟಿದ್ದಾನೆ, ಆದರೂ ಬೋಲ್ಟು ಒಂದನ್ನೂ ಸಡಿಲ ಬಿಟ್ಟಿಲ್ಲ. ಆಮೇಲೆ ಮುಖ ತೊಳೆದು, ಏನೂ ಆಗದವನ ಹಾಗೆ ಮೆಟ್ಟಿಲು ಹತ್ತಿ ಬಂದು, ಇನ್ನು ನಿಂದು ಕಣೋ ಅಂದಿದ್ದಾನೆ. ಮಗಳೇ, ನಿನ್ನ ಕಾರು ಬೇಗ ಆಗಲಿ ಅಂತ ಹೀಗೆ ಮಾಡಿದ ಅಂತ ನೀನು ತಲೆಗೆ ಹಚ್ಚಿಕೊಳ್ಳುತ್ತೀಯ ಅಂತ ನನಗೆ ಗೊತ್ತು. ಹಚ್ಚಿಕೊಳ್ಳಬೇಡ. ಅದು ಯಾರ ಕಾರಾಗಿದ್ದರೂ ಅವನು ಹೀಗೇ ಮಾಡುತ್ತಿದ್ದ. ಚಿಕ್ಕಂದಿನಲ್ಲಿ ಗೋಡೆಯಿಂದ ಬಿದ್ದು ಬಲಗೈ ಮೂಳೆ ಮುರಿದುಕೊಂಡವನು, ಎಡಗೈಯಲ್ಲಿ ಊಟ ಮಾಡುವುದನ್ನು ಕಲಿಯುತ್ತಿದ್ದೇನೆ ಅಂತ ಹೇಳಿ ಇಡೀ ದಿನ ನನ್ನನ್ನು ಯಾಮಾರಿಸಿದ. ಕೈ ಬಾತುಕೊಂಡಾಗಲೇ ಗೊತ್ತಾಗಿದ್ದು. ಹೆತ್ತವಳಿಗೇ ಬಿಟ್ಟುಕೊಡದವನು ನಿನಗೆ ಬಿಟ್ಟುಕೊಡುತ್ತಿದ್ದನೇ? ನಾವು ಮೂವರೂ ಒಂದೇ ಮನೆಯಲ್ಲಿ ಕಣ್ಣು ಬಿಟ್ಟುಕೊಂಡೇ ಇದ್ದೆವು, ಅವನು ಮೂವರನ್ನೂ ದಾಟಿಹೋದ. ಇದನ್ನು ಬರೆಯುವಾಗ ನನಗೆ ಅವನ ಮೇಲೆ ಬರುವ ಸಿಟ್ಟು ಅಷ್ಟಿಷ್ಟಲ್ಲ. ಸಿಕ್ಕಿದ್ದರೆ ಕೆನ್ನೆಗೆ ಎರಡು ಬಿಟ್ಟು ಆಮೇಲೆ ತಬ್ಬಿಕೊಳ್ಳುತ್ತಿದ್ದೆ.

ಅವನು ನಿನ್ನನ್ನು ತಡೆಯಲಿಲ್ಲ ಮಗಳೇ, ತಮ್ಮನ ಕೆಲಸವನ್ನು ತಳ್ಳಿಹಾಕಲೂ ಇಲ್ಲ. ನೋವಿನಲ್ಲಿ ಒಂದು ಬಟ್ಟೆ ಮರೆತ. ಚಿಕ್ಕವನು ಬೇರಿಂಗುಗಳನ್ನು ತೆಗೆದು ನೋಡಿದ, ಅಷ್ಟು ಸಲ ಆಯಿಲಿಲ್ಲದೆ ನರಳಿದರೂ ಸಣ್ಣ ಗೀರು ಬಿಟ್ಟರೆ ಏನೂ ಆಗಿಲ್ಲ. "ಬೇರೆ ಯಾರಾದ್ರೂ ಕೂರಿಸಿದ್ದಿದ್ರೆ ಎಂಜಿನ್ ಯಾವಾಗಲೋ ಹಿಡಿದುಕೊಳ್ತಿತ್ತು" ಅಂತ ಹೊಗೆಯಣ್ಣ ಕೂಡ ಒಪ್ಪಿಕೊಂಡರು, ಅವರ ಬಾಯಿಂದ ಹೊಗಳಿಕೆ ಬರುವುದು ಎಷ್ಟು ಅಪರೂಪ ಅಂತ ನಿನಗೆ ಗೊತ್ತು. ಜಾಲರಿ ತೊಳೆದು, ಹೊಸ ಪ್ಯಾಕಿಂಗ್ ಹಾಕಿ, ಚಿಕ್ಕವನೇ ಚೇಂಬರ್ ಮುಚ್ಚಿದ. ಬೋಲ್ಟುಗಳನ್ನು ಅವವುಗಳ ತೂತಿಗೇ ಹಾಕಿದ. ಹಳದಿ ಡಬ್ಬಿಯ ಬಣ್ಣ ಒಣಗಿತ್ತು, ಎಣ್ಣೆ ಬೆರೆಸಿ ಕಲಕಿದ, ಬ್ರಷ್ ಹಿಡಿದು ಆ ಮೂರು ಬೋಲ್ಟಿನ ಕೆಳಗೆ ನಿಂತ, ಆಗಲಿಲ್ಲ. ಇದನ್ನು ನಾನು ಇಡುವುದು ಸರಿಯಲ್ಲ ಅಂದ. ಕೊಡು ಇಲ್ಲಿ ಅಂತ ನಾನೇ ಗುಂಡಿಗೆ ಇಳಿದೆ. ಈ ಮಂಡಿ ಹೇಗೆ ಒಪ್ಪಿತೋ ಗೊತ್ತಿಲ್ಲ, ಮೇಲಿನಿಂದ ಒಬ್ಬರು, ಕೆಳಗಿನಿಂದ ಒಬ್ಬರು ಹಿಡಿದು ಇಳಿಸಿದರು, ಬಾವಿಗೆ ಕೊಡ ಬಿಟ್ಟ ಹಾಗಿತ್ತು. ಮೂರು ಚುಕ್ಕೆ ಇಟ್ಟೆ. ಒಂದು ಹನಿ ನನ್ನ ಕನ್ನಡಕದ ಮೇಲೆ ಬಿತ್ತು, ಇನ್ನೂ ಹೋಗಿಲ್ಲ, ಈ ಕಾಗದವನ್ನು ಅದರ ಪಕ್ಕದಿಂದ ನೋಡಿಕೊಂಡೇ ಬರೆಯುತ್ತಿದ್ದೇನೆ.

ನಿನ್ನೆ ಬೆಳಗ್ಗೆ ಹೊತ್ತಿಗೆ ಅಗೆದ ರಸ್ತೆಗೆ ಮಣ್ಣು ಮುಚ್ಚಿ ದಾರಿ ಬಿಟ್ಟಿದ್ದರು. ಹೊರಟೆವು. ಮುಳ್ಳು ಮನೆಯಿಂದ ಕಾರ್ಖಾನೆಯ ಗೇಟಿನವರೆಗೆ ಅಲುಗಾಡಲಿಲ್ಲ. ತಿರುವಿನಲ್ಲಿ ದೀಪ ಹತ್ತಲಿಲ್ಲ, ಸದ್ದು ಬರಲಿಲ್ಲ, ಕಾರು ಹಾಗೇ ದಾಟಿಹೋಯಿತು. ಗೇಟಿನ ಮುಂದೆ ಚಿಕ್ಕವನು ಮದುವೆ ದಿಬ್ಬಣದ ಹಾಗೆ ಹಾರ್ನ್ ಹೊಡೆದು ಕಾವಲುಗಾರನಿಂದ ಬೈಸಿಕೊಂಡ. ಒಳಗಿನಿಂದ ನಿಮ್ಮ ಮೇಲ್ವಿಚಾರಕಿ ಬಂದು, ಅವಳು ಯಾವಾಗ ಬರುತ್ತಾಳೆ, ಅವಳ ಮೇಜಿಗೆ ಬೇರೆ ಯಾರನ್ನೂ ಹಾಕಿಲ್ಲ, ಹೊಸಬರು ಕತ್ತರಿಸಿದ ತೋಳು ಒಂದು ಉದ್ದ ಒಂದು ಗಿಡ್ಡ ಅಂದಳು. ಮುಂದಿನ ವಾರ ಅಂದೆ. ನಿನ್ನನ್ನು ಕೇಳದೆ ಅಂದದ್ದು ತಪ್ಪೇ, ಬೈಯುವುದಾದರೆ ಇಲ್ಲಿ ಬಂದು ಬೈಯಿ. ಮಧ್ಯಾಹ್ನ ಒಂದು ಲಾರಿ ಎಂಜಿನ್ ಬಂತು. ಚಿಕ್ಕವನು ಪಕ್ಕದ ಬೀದಿ ತೋರಿಸಲಿಲ್ಲ. ಇಳಿಸಿ ಅಂದ. ಮೇಲಿನದ್ದೂ ಕೆಳಗಿನದ್ದೂ ಎರಡೂ ನಾನೇ ಮಾಡುತ್ತೇನೆ ಅಂದ. ನಿನ್ನ ಮಾವ ಎಳೆದ ಗೆರೆಯನ್ನು ದಾಟಿದ್ದಕ್ಕೆ ಊಟ ಹಾಕದೆ ಇರಲಿಲ್ಲ, ಎರಡು ಸಲ ಬಡಿಸಿದೆ.

ನಿನ್ನ ಅಕ್ಕನಿಗೂ ಭಾವನಿಗೂ ನಾನು ಕೇಳಿದೆ ಅಂತ ಹೇಳು. ನಿನ್ನನ್ನು ಇಷ್ಟು ದಿನ ಇಟ್ಟುಕೊಂಡು ನೋಡಿಕೊಂಡದ್ದಕ್ಕೆ ಅವರ ಮನೆ ತಣ್ಣಗಿರಲಿ. ನಿನ್ನ ಮೈದುನ ಅತ್ತಿಗೆಗೆ ನಮಸ್ಕಾರ ಬರೆ, ಕಾರಿನ ಜವಾಬ್ದಾರಿ ನನ್ನದು ಅಂತ ಬರೆ ಅಂತ ಕೆಳಗಿನಿಂದಲೇ ಕೂಗುತ್ತಿದ್ದಾನೆ. ಬರೆದಿದ್ದೇನೆ. ನಿನ್ನ ತಲೆಯ ಮೇಲೆ ಕೈ ಇಟ್ಟು ಹೇಳುವುದನ್ನು ಕಾಗದದಲ್ಲಿ ಹೇಳುತ್ತೇನೆ, ಯಾವ ಭಯವೂ ನಿನ್ನ ದಾರಿಗೆ ಅಡ್ಡ ಬಾರದಿರಲಿ, ನೂರು ಕಾಲ ಗಟ್ಟಿಯಾಗಿರು.

ಇಂತಿ,
ನಿನ್ನ ದಾರಿ ನೋಡುತ್ತಿರುವ
ಅತ್ತೆ

ತಾ.ಕ.: ಚಿಕ್ಕವನು ಅಂಚೆ ಡಬ್ಬಿಗೆ ಹಾಕಿ ಬರುತ್ತೇನೆ ಅಂತ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ, ಅಕ್ಷರ ನೋಡಬೇಡ. ಅವನನ್ನು ಒಬ್ಬನೇ ಕಳಿಸಲು ಮನಸ್ಸಿಲ್ಲದೆ ಕಾರಿನಲ್ಲಿ ಹೋಗುತ್ತಿದ್ದೆ ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು. ಪ್ರತಿ ಸಲ ನಾನು ಆಸೆಯಿಂದ ಹತ್ತಿ ಕೂರುತ್ತಿದ್ದೆ. ತಿರುವಿನಲ್ಲಿ ಮುಳ್ಳು ಮಲಗಿದಾಗ, ಬಂದೆಯಾ ಮಗನೇ ಅಂತ ಮನಸ್ಸಿನಲ್ಲೇ ಕೇಳುತ್ತಿದ್ದೆ. ನೀನು ಹೆದರಿ ಓಡಿದ ಜಾಗಕ್ಕೆ ನಾನು ಬೇಡಿಕೊಂಡು ಹೋಗುತ್ತಿದ್ದೆ. ನಿನ್ನೆ ಕಾರು ನಿಲ್ಲದೆ ದಾಟಿದಾಗ ಚಿಕ್ಕವನು ಗೆದ್ದೆ ಅಂತ ಸ್ಟೀರಿಂಗ್ ಬಡಿದ, ನಾನು ಹಿಂದೆ ತಿರುಗಿ ನೋಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಇನ್ನು ಅದು ಅಲ್ಲಿ ತಾನಾಗಿ ನಿಲ್ಲುವುದಿಲ್ಲ. ನಿಲ್ಲಿಸು ಅಂತ ಚಿಕ್ಕವನಿಗೆ ಹೇಳಲು ನನ್ನಿಂದಾಗದು, ಪಾಪ, ಈಗಷ್ಟೇ ನಗುತ್ತಿದ್ದಾನೆ. ನಿನಗೆ ಹೇಳಬಹುದು. ನೀನು ಬಾ. ನೀನೇ ಓಡಿಸು, ನಾನು ಪಕ್ಕದಲ್ಲಿ ಕೂರುತ್ತೇನೆ. ಒಂದು ಸಲ ಆ ತಿರುವಿನಲ್ಲಿ ನಾವಾಗಿಯೇ ಕಾರು ನಿಲ್ಲಿಸೋಣ, ಇಬ್ಬರೂ ಸೇರಿ ಅಳೋಣ. ಸಾಕು ಅನ್ನಿಸಿದಾಗ ನೀನೇ ಕೀಲಿ ತಿರುಗಿಸು.